ಸೀಟಿ ಕೇಳದೆ ಹೊರಡದವರು

ಬೈಕ್ ಲೈಸೆನ್ಸ್ ಪರೀಕ್ಷೆಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು. ಒಬ್ಬರು ಈಚೆಗೆ ನಿವೃತ್ತರಾದ ಬಸ್ ಡ್ರೈವರು. ಇನ್ನೊಬ್ಬಾಕೆ ಹನ್ನೆರಡು ವರ್ಷ ಅವರ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವರು. ಬೈಕು ಆಕೆಯದು, ಕಲಿಸಿದ್ದೂ ಆಕೆಯೇ. ನಾನು ಹೆಲ್ಮೆಟ್ ತೆಗೆದು ಕಿವಿ ಅತ್ತ ಕೊಟ್ಟೆ.

“ಅಣ್ಣಾ, ಈ ಸಲ ನಿಲ್ಲಿಸಿದ ಕೂಡಲೇ ಕಾಲು ಊರಿ.”

“ಮೂವತ್ತು ವರ್ಷ ಬಸ್ಸು ನಿಲ್ಲಿಸಿದೀನಿ. ಒಂದು ದಿನವೂ ಕಾಲು ಊರಿಲ್ಲ.”

“ಬಸ್ಸು ಬೀಳಲ್ಲ, ನೀವು ಬೀಳ್ತೀರಿ. ಟೆಸ್ಟ್ ಮಾಡೋ ಸಾಹೇಬರ ಕಾಲಬುಡದಲ್ಲೇ ಬಿದ್ರಲ್ಲ.”

“ಅದು ಮೊದಲನೇ ಸಲ. ಎರಡನೇ ಸಲ ಬೀಳಲಿಲ್ಲ.”

“ಹೊರಟಿದ್ರೆ ತಾನೇ ಬೀಳೋದು? ಸಾಹೇಬರು ಹೋಗಿ ಹೋಗಿ ಅಂದ್ರೂ ಬಂಡೆ ಹಾಗೆ ಕೂತಿದ್ರಂತೆ.”

“ಸೀಟಿ ಕೇಳಲಿಲ್ಲ. ನೀನು ಅವತ್ತು ಡ್ಯೂಟಿಗೆ ಹೋಗಿದ್ದೆ.”

“ಅದಕ್ಕೇ ಇವತ್ತು ರಜೆ ಹಾಕಿ ಬಂದಿದೀನಿ. ಸೀಟಿನೂ ತಂದಿದೀನಿ.”

“ಹೊಸ ಡ್ರೈವರ್ ಹೇಗಿದಾನೆ?”

“ಪರವಾಗಿಲ್ಲ. ನಾನು ಊದೋ ಮೊದಲೇ ಹೊರಟುಬಿಡ್ತಾನೆ.”

“ಅವನೆಂಥಾ ಡ್ರೈವರು.”

ಅಷ್ಟರಲ್ಲಿ ಅವರ ಸರದಿ ಬಂತು. ಬೇಲಿಯ ಈಚೆಯಿಂದ ಆಕೆ ಸೀಟಿ ಊದಿದರು, ಬೈಕು ಹೊರಟಿತು. ಎಂಟರ ಆಕಾರದಲ್ಲಿ ಸುತ್ತಿ ಬಂದು ನಿಲ್ಲಿಸಿದ ಡ್ರೈವರು, ಎಡಗಾಲನ್ನು ಜೋಪಾನವಾಗಿ ನೆಲಕ್ಕೆ ಊರಿದರು. ಸಾಹೇಬರು ಪಾಸು ಎಂದು ಬರೆದುಕೊಂಡರು.

ಆಕೆ ಓಡಿ ಹೋಗಿ ಹಿಂದಿನ ಸೀಟು ಹತ್ತಿದರು. ಬೈಕು ಗುಡುಗುಡು ಎನ್ನುತ್ತ ನಿಂತೇ ಇತ್ತು.

“ಹೊರಡಿ ಅಣ್ಣಾ.”

“ಎಲ್ಲಾ ಹತ್ತಿದ್ರಾ?”

ಆಕೆ ಹಿಂದೆ ತಿರುಗಿ ಖಾಲಿ ರಸ್ತೆಯನ್ನು ಒಮ್ಮೆ ಪೂರ್ತಿ ನೋಡಿದರು.

“ಹತ್ತಿದ್ರು,” ಎಂದು ಸೀಟಿ ಊದಿದರು.