ಕೂಗದೆ ಹಕ್ಕಿ ಕಾದವಳು

ತನ್ನವರ ನಡುವೆ ಇದ್ದರೆ ತನಗೆ ದಣಿವಾಗುತ್ತದೆ ಎಂಬುದನ್ನು ಕನಕಮ್ಮ ದಿನಚರಿಯಲ್ಲೂ ಬರೆದಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ವರ್ಷ, ಸೀಗಿ ಹುಣ್ಣಿಮೆಯ ಮರುದಿನ, ಬಿ.ಎ. ಮುಗಿಸಿ ಹೈದರಾಬಾದಿನಿಂದ ಬಂದವಳು ಕಾಕಾನ ಜೊತೆ ಕೊಪ್ಪಳದಲ್ಲಿ ಕುಷ್ಟಗಿ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಒಂದೇ ಮನೆಯ ಸೊಸೆಯರಾದ ಇಬ್ಬರು ನೆಗೆಣ್ಣಿಯರು ಕೂತಿದ್ದರು. ಹಿರಿಯಳು ಕೇಳಿದಳು:

"ಸಜ್ಜಿ ಹೊಲದಾಗ ಹಕ್ಕಿ ಕಾಯಾಕ ಕಳಿಸಿದ್ರ, ಒಂದು ಮೂಲಿ ತೆನಿ ಪೂರಾ ಬೋಳಾಗ್ಯಾವಲ್ಲ ಯಮನೂರಿ. ಕವಣಿ ಬೀಸಾಕ ಕೈ ನೋಯ್ತಾವೇನು?"

"ಬೀಸಿದ್ರ ಸಾಲದು, ಹೋ ಅಂತ ಕೂಗಬೇಕಲ್ಲ ಯಕ್ಕಾ."

"ಕೂಗಾಕೇನ ಧಾಡಿ? ಮನ್ಯಾಗ ನೀ ಕೂಸಿಗೆ ಕೂಗಿದ್ರ ಓಣಿಗೆಲ್ಲಾ ಕೇಳಸ್ತೈತಿ."

"ಕೂಗಿದ್ರ ಬಾಜೂ ಹೊಲದವರು ಮಾತಾಡಾಕ ಬರ್ತಾರ. ಅದಕ್ಕ ಸುಮ್ಮನ ಕುಂತಿದ್ನಿ."

"ಇದನ್ನ ಮಾವಗ ಹ್ಯಾಂಗ ಹೇಳಲಿ?"

"ಹಕ್ಕಿ ಭಾಳ ಇದ್ವು ಅಂತ ಹೇಳು."

"ಅಷ್ಟು ಆಗ್ಲೇ ಹೇಳೇನಿ. ನಾಳಿಂದ ನಾದಿನಿ ಹುಲಿಗವ್ವ ಕಾಯ್ಲಿ ಅಂದಾರ. ನೀ ಒಲಿ ಮುಂದ."

ಕಿರಿಯಳು ಹತ್ತಿರ ಸರಿದಳು.

"ಮುಂಜಾನೆ ಒಂದೀಟರ ನನ್ನ ಕಳಸ್ರಿ ಅಂತ ಹೇಳು ಯಕ್ಕಾ. ಅಲ್ಲಿ ಯಾರೂ ನನ್ನ ಕರಿಯೂದಿಲ್ಲ."

"ನನ್ನ ಮಾತು ಯಾರು ಕೇಳ್ತಾರ? ನನಗೂ ಮೊದಲ ಹಂಗ ಅನಸ್ತಿತ್ತು. ಈಗ ಒಬ್ಬಾಕಿನ ಕುಂತ್ರ ಅಂಜಿಕಿ ಬರತೈತಿ."

ಯಲಬುರ್ಗಿ ಬಸ್ಸು ಬಂತು. ಇಬ್ಬರೂ ಗಂಟು ಹೊತ್ತು ಹತ್ತಿಕೊಂಡರು.

ಕಾಕಾ ಕನಕಮ್ಮನ ಕಡೆ ತಿರುಗಿದ.

"ಮನಿ ತುಂಬ ಮಂದಿ ನಿನ್ನ ದಾರಿ ಕಾಯಾಕತ್ಯಾರವ್ವ. ಇನ್ನ ನಿನಗ ಬ್ಯಾಸರಿಲ್ಲ ಬಿಡು."

ಎಂದಿನಂತೆ ತಲೆಯಾಡಿಸಬೇಕೆಂದಿದ್ದವಳು ಬಾಯಿ ತೆರೆದಳು.

"ಕಾಕಾ, ನನಗ ದಿನಾ ಒಂದೀಟು ಹೊತ್ತು ಒಬ್ಬಾಕಿನ ಇರಬೇಕು."