ಗಬ್ಬೂರ ರುಕ್ಮವ್ವನ ಹೆಸರು

೨೦೦೩ರ ಜೂನ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಸಂಜೆಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಗೆಳತಿಯರು ಕುಳಿತಿದ್ದರು. ಕಿಟಕಿಯ ಬದಿಯ ವಿದ್ಯಾ ಯಾವುದೋ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೆಲಸದವಳು. ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದಳು.

“ವಿದ್ಯಾ, ಆ ಗಬ್ಬೂರ ರುಕ್ಮವ್ವ ಇವತ್ತೂ ಬಂದಿದ್ಲೇನು?”

“ಹೂಂ, ನಾಕನೇ ದಿನಾ. ಮಗಳು ಹುಟ್ಟಿದ ದಾಖಲೆ ಬೇಕಂತ. ನರ್ಸಿಂಗ್ ಅರ್ಜಿಗೆ ನಾಳೆ ಕಡೀ ದಿನಾ.”

“ಹಳೇ ರಜಿಸ್ಟರ್ ಇಲ್ಲೇನು?”

“ಗೆದ್ದಲು ತಿಂದಾವ. ಅದಕ್ಕೂ ಮೊದಲ ಕಂಪ್ಯೂಟರಿಗೆ ಏರಿಸಿದ್ದಷ್ಟ ಉಳದೈತಿ. ಆಕಿ ಹೆಸರು ಹೊಡದು, ಗ್ರೆಪ್ ಅಂತ ಹುಡುಕೋ ಕಮಾಂಡ್ ಕೊಟ್ಟು ಎಲ್ಲಾ ಫೈಲಿನ್ಯಾಗ ನೋಡಿದ್ರೂ ಒಂದು ಸಾಲೂ ಬರಲಿಲ್ಲ.”

“ಮತ್ತ?”

“ಇವತ್ತ ಹೆಸರು ಬಿಟ್ಟು ಊರು ಕೊಟ್ಟೆ. ಗಬ್ಬೂರ ಇದ್ದ ಸಾಲೆಲ್ಲಾ ಬಂದ್ವು, ಮುನ್ನೂರಾ ಹನ್ನೆರಡು. ಒಂದೊಂದ ಓದಿದೆ. ಕಣ್ಣು ಉರಿಯಾಕತ್ತಾವ.”

“ಸಿಕ್ತೇನು?”

“ಸಿಕ್ತು. ಇಂಗ್ಲಿಷಿನ್ಯಾಗ ಒಂದು ಅಕ್ಷರ ಬಿಟ್ಟು ಹೊಡದಿದ್ದು. ರುಕ್ಮವ್ವ ಹೋಗಿ ರುಮವ್ವ ಆಗಿತ್ತು.”

“ಯಾರು ಹೊಡದಿದ್ದು ಹಂಗ?”

ವಿದ್ಯಾ ಕಣ್ಣು ತೆರೆದು ಕಿಟಕಿಯ ಹೊರಗೆ ನೋಡಿದಳು.

“ನಾನ. ಆ ವರ್ಷದ ಫೈಲೆಲ್ಲಾ ಹಳೇ ರಜಿಸ್ಟರ್ ನೋಡಿ ನಾನ ಹೊಡದಿದ್ದು.”

“ಆಕಿಗೆ ಹೇಳಿದೇನು?”

“ಕಾಗದ ಕೈಗೆ ಕೊಟ್ಟೆ. ‘ನೀ ಇದ್ದಿ ಅಂತ ಸಿಕ್ತವಾ’ ಅಂತ ನನ್ನ ಕೈ ಹಿಡಕೊಂಡು ಅತ್ಲು. ಹೆಂಗ ಹೇಳ್ಲಿ?”

ನವಲೂರಿನ ಸ್ಟಾಪಿನಲ್ಲಿ ಇಬ್ಬರೂ ಇಳಿಯುವಾಗ ಗೆಳತಿ ವಿದ್ಯಾಳ ಬ್ಯಾಗನ್ನೂ ತಾನೇ ಎತ್ತಿಕೊಂಡಳು.