ನಾಲ್ಕನೇ ಗುಂಪಿನಲ್ಲಿ ಹೊರಟ ಕಾವ್ಯಶ್ರೀ ಬಗ್ಗೆ

ನನ್ನ ಹೆಸರು ಮಾದೇಶ್, ತಂದೆ ದೊಡ್ಡಮಲ್ಲಪ್ಪ, ವಯಸ್ಸು 31 ವರ್ಷ, ಬದನಗುಪ್ಪೆ ಕೈಗಾರಿಕಾ ಪ್ರದೇಶದ ನೂಲಿನ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುವ ಕೆಲಸ, ವಾಸ ಉಡಿಗಾಲ ಗ್ರಾಮ, ಚಾಮರಾಜನಗರ ತಾಲ್ಲೂಕು. ನನ್ನ ತಂಗಿ ಕಾವ್ಯಶ್ರೀ, ವಯಸ್ಸು 22 ವರ್ಷ, ಇವಳಿಗೆ ದಿನಾಂಕ 27-07-2025ರ ಭಾನುವಾರ ಸೈಕಲ್ ಸ್ಪರ್ಧೆಯಲ್ಲಿ ಆದ ಅಪಘಾತದ ಸಂಬಂಧ ಈ ದಿನ ಗುಂಡ್ಲುಪೇಟೆಯ ಪೊಲೀಸ್ ಠಾಣೆಗೆ ಬಂದು ತಮ್ಮ ಮುಂದೆ ಕುಳಿತು ಬರೆಸುವುದೇನೆಂದರೆ,

ಕಾವ್ಯಶ್ರೀ ಪದವಿ ಮುಗಿಸಿದ್ದಾಳೆ. ಕಾಲೇಜಿಗೆ ಸೇರಿದ ಮೇಲೆ ಸೈಕಲ್ ಸ್ಪರ್ಧೆಗೆ ಇಳಿದವಳು. ನನಗೂ ಸೈಕಲ್ ಹುಚ್ಚಿದ್ದುದರಿಂದ ರಜೆಯ ದಿನ ಇಬ್ಬರೂ ಜೊತೆಯಲ್ಲಿ ತುಳಿಯುತ್ತಿದ್ದೆವು. ಮೊದಮೊದಲು ನಾನು ಅವಳಿಗಾಗಿ ನಿಧಾನ ಮಾಡುತ್ತಿದ್ದೆ. ಎರಡು ವರ್ಷದಿಂದ ಅವಳು ನನಗಾಗಿ ನಿಧಾನ ಮಾಡುತ್ತಿದ್ದಳು. ಕಳೆದ ವರ್ಷ ಇದೇ ಸ್ಪರ್ಧೆಯಲ್ಲಿ ಮಹಿಳೆಯರ ಪೈಕಿ ನಾಲ್ಕನೆಯವಳಾಗಿ ಬಂದಳು. ಮೊದಲ ಮೂವರನ್ನು ಮಾತ್ರ ರಾಜ್ಯ ತರಬೇತಿ ಶಿಬಿರಕ್ಕೆ ಆರಿಸುತ್ತಾರೆ. ಶಿಬಿರಕ್ಕೆ ಇಪ್ಪತ್ತಮೂರು ವರ್ಷದೊಳಗಿನವರನ್ನೇ ತೆಗೆದುಕೊಳ್ಳುವುದರಿಂದ ಅವಳಿಗೆ ಈ ವರ್ಷವೇ ಕೊನೆಯದು.

ಈ ಸ್ಪರ್ಧೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ. ವಾರ್ಷಿಕ ಲೈಸೆನ್ಸ್ ಮತ್ತು ಹಿಂದಿನ ಸ್ಪರ್ಧೆಗಳ ಅಂಕ ಎರಡೂ ಇರುವ ಗಂಡಸರು ಮೊದಲ ಗುಂಪು. ಲೈಸೆನ್ಸ್ ಇರುವ ಮಹಿಳೆಯರು ಎರಡನೆಯದು. ಲೈಸೆನ್ಸ್ ಇದ್ದು ಅಂಕ ಇಲ್ಲದ ಗಂಡಸರು ಮೂರನೆಯದು. ಲೈಸೆನ್ಸ್ ಇಲ್ಲದೆ ಆ ಒಂದು ದಿನದ ಮಟ್ಟಿಗೆ ಚೀಟಿ ಪಡೆದವರೆಲ್ಲ, ಗಂಡು ಹೆಣ್ಣು ಎನ್ನದೆ, ನಾಲ್ಕನೆಯದು. ಒಂದೊಂದು ಗುಂಪಿಗೂ ಮೂರು ನಿಮಿಷದ ಅಂತರ. ಹಾಗಾಗಿ ನಾಲ್ಕನೇ ಗುಂಪಿನ ಹೆಣ್ಣುಮಗಳು ಎರಡನೇ ಗುಂಪಿನ ಹೆಣ್ಣುಮಕ್ಕಳಿಗಿಂತ ಆರು ನಿಮಿಷ ತಡವಾಗಿ ಹೊರಡುತ್ತಾಳೆ.

ಅಪಘಾತದ ವಿಷಯ ಹೇಳು, ಇದೆಲ್ಲ ಯಾಕೆ ಎಂದು ಬರೆದುಕೊಳ್ಳುತ್ತಿರುವವರು ಕೇಳಿದರು. ಅವಳು ಆ ಹೊತ್ತಿಗೆ ಆ ಜಾಗದಲ್ಲಿ ಇದ್ದದ್ದೇ ಇದರಿಂದ, ಆದ್ದರಿಂದ ಬರೆದುಕೊಳ್ಳಬೇಕೆಂದು ಕೇಳಿಕೊಂಡೆ.

ಕಾವ್ಯಶ್ರೀಗೆ ಎರಡು ವರ್ಷ ಲೈಸೆನ್ಸ್ ಇತ್ತು. ಈ ವರ್ಷ ನವೀಕರಣಕ್ಕೆ ಹಾಕಿದಾಗ ಅವಳ ಆಧಾರ್‌ನಲ್ಲಿರುವ ಹೆಸರಿಗೂ ಅಂಕಪಟ್ಟಿಯಲ್ಲಿರುವ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸವಿದೆಯೆಂದು ಕಂಪ್ಯೂಟರ್ ತೆಗೆದುಕೊಳ್ಳಲಿಲ್ಲ. ಅವಳು ಸೇರಿರುವ ಸೈಕಲ್ ಕ್ಲಬ್ಬಿನವರು ದೃಢೀಕರಿಸಿದರೆ ಸಾಕೆಂದು ಲೈಸೆನ್ಸ್ ಕೊಡುವವರು ಹೇಳಿದರು. ಅವಳ ಹೆಸರಿದ್ದ ಕ್ಲಬ್ಬು ಅಷ್ಟರಲ್ಲಿ ಮುಚ್ಚಿಹೋಗಿತ್ತು. ಬೇರೆ ಕ್ಲಬ್ಬಿಗೆ ಸೇರಿದರೆ ಹೊಸ ಲೈಸೆನ್ಸ್, ಹೊಸ ನಂಬರ್, ಹಳೆಯ ಅಂಕ ಸೊನ್ನೆ ಎಂದರು. ಅದಕ್ಕೂ ಒಪ್ಪಿ ಅರ್ಜಿ ಹಾಕಿದೆವು. ಸ್ಪರ್ಧೆಯ ದಿನದವರೆಗೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಚಾಮರಾಜನಗರದಲ್ಲಿ ಸ್ಪರ್ಧೆ ಆರಂಭವಾಗುವ ಸ್ಥಳಕ್ಕೆ ಹೋದೆವು. ನನಗೂ ಲೈಸೆನ್ಸ್ ಇಲ್ಲ, ನನಗೆ ಅದು ಬೇಕಾಗಿಯೂ ಇರಲಿಲ್ಲ. ಮುಂದೆ ತುಳಿದು ಅವಳಿಗೆ ಗಾಳಿ ಮರೆ ಮಾಡಿಕೊಡೋಣವೆಂದು ನಾನೂ ಒಂದು ದಿನದ ಚೀಟಿ ಪಡೆದಿದ್ದೆ. ನಮ್ಮ ಗುಂಪಿನಲ್ಲಿ ಸುಮಾರು ಇನ್ನೂರು ಜನರಿದ್ದರು. ಗೇರಿಲ್ಲದ ಸೈಕಲ್ಲಿನವರಿದ್ದರು, ಬುಟ್ಟಿ ಕಟ್ಟಿದ ಸೈಕಲ್ಲಿನವರೂ ಇದ್ದರು. ಮುಂದಿನ ಹಗ್ಗದ ಆಚೆ ಲೈಸೆನ್ಸ್ ಇರುವ ಹೆಣ್ಣುಮಕ್ಕಳು ನಿಂತಿದ್ದರು. ಅವರಲ್ಲಿ ಅವಳ ಗೆಳತಿ ನಯನಾಳೂ ಇದ್ದಳು. ಕಳೆದ ವರ್ಷ ಕಾವ್ಯಶ್ರೀಗಿಂತ ಐದು ನಿಮಿಷ ತಡವಾಗಿ ಬಂದವಳು. ನಯನಾ ಈ ಕಡೆ ನೋಡಿ ಕೈ ಎತ್ತಿದಳು. ಕಾವ್ಯಶ್ರೀ ಎತ್ತಲಿಲ್ಲ. ಹೆಲ್ಮೆಟ್ ಬಿಚ್ಚಿ ಹ್ಯಾಂಡಲ್ಲಿಗೆ ನೇತುಹಾಕಿ,

“ಬಾ ಅಣ್ಣ, ಮನೆಗೋಗನ. ಇವರ ಜತೇಲಿ ಮೆರವಣಿಗೆ ಓಗಕ್ಕೆ ನಾ ಬರ್ನಿಲ್ಲ” ಎಂದಳು.

ನಾನು ಸರಿ ಎಂದೆ. ಸೈಕಲ್ ತಿರುಗಿಸಿದ್ದೆವು. ಆಗ ಗುಂಪುಗಳನ್ನು ಬಿಡುವ ಉಸ್ತುವಾರಿಯಲ್ಲಿದ್ದ ಮಹಾಲಿಂಗ ಎಂಬುವರು, ಸುಮಾರು 55 ವರ್ಷದವರು, ಅವಳು ಅಳುತ್ತಿರುವುದನ್ನು ನೋಡಿ ಹತ್ತಿರ ಬಂದು ಏನೆಂದು ವಿಚಾರಿಸಿದರು. ಹೇಳಿದೆವು. ಗುಂಪು ಬದಲಾಯಿಸುವುದು ತಮ್ಮ ಕೈಯಲ್ಲಿಲ್ಲವೆಂದರು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು,

“ಅಳ್ಬೇಡ ಕಣಮ್ಮಿ. ಗುಂಪು ನಾಕಿದ್ರೂ ಗಡಿಯಾರ ಒಂದೇಯ. ಹೆಣ್ಮಕ್ಕಳಲ್ಲಿ ಗೆರೆ ಮೊದ್ಲು ಯಾರು ದಾಟ್ತಾರೋ ಅವರೇ ಮೊದ್ಲು. ಆರ್ ನಿಮಿಷ ನಿನಗೇನ್ ದೊಡ್ಡದು? ಓಗಿ ಇಡ್ಕೊ ಬುಡು” ಎಂದರು.

ಹಾಗಾದರೆ ಮೂರರೊಳಗೆ ಬಂದರೆ ಶಿಬಿರಕ್ಕೆ ತೆಗೆದುಕೊಳ್ಳುತ್ತಾರಾ ಎಂದು ಅವಳು ಕೇಳಿದಳು. ಮಹಾಲಿಂಗ ಅವರು, ಮತ್ತಿನ್ನೇನು, ನೀನು ಮೊದಲು ಹೋಗು ಎಂದರು. ಅವಳು ಹೆಲ್ಮೆಟ್ ಹಾಕಿಕೊಂಡಳು.

6-39ಕ್ಕೆ ನಮ್ಮನ್ನು ಬಿಟ್ಟರು. ಬಿಡುವ ಮೊದಲು ಮೈಕಿನಲ್ಲಿ ನಾಲ್ಕನೇ ಗುಂಪಿನವರು ರಸ್ತೆಯ ಎಡಗಡೆ ಹೋಗಬೇಕು, ಸಂಚಾರ ನಿಯಮ ಪಾಲಿಸಬೇಕು ಎಂದು ಹೇಳಿದರು. ಹಾಗೆಂದರೆ ಏನೆಂದು ಆಗ ನಮಗೆ ಹೊಳೆಯಲಿಲ್ಲ. ಮುಂದಿನ ಮೂರು ಗುಂಪುಗಳಿಗೆ ಎದುರಿನ ಮತ್ತು ಹಿಂದಿನ ವಾಹನಗಳನ್ನು ತಡೆದು ಹಿಡಿದಿರುತ್ತಾರೆ. ಮೂರನೇ ಗುಂಪಿನ ಹಿಂದೆ ಕೆಂಪು ಬಾವುಟ ಕಟ್ಟಿದ ಆಯೋಜಕರ ಜೀಪು ಹೋಗುತ್ತದೆ. ಆ ಜೀಪು ದಾಟಿದ ಕೂಡಲೇ ರಸ್ತೆ ತೆರೆಯಬೇಕೆಂದು ಆಯೋಜಕರೇ ಎಲ್ಲ ಕಡೆಯೂ ಹೇಳಿಟ್ಟಿದ್ದರಂತೆ. ನಮ್ಮ ಗುಂಪು ಆ ಬಾವುಟದ ಹಿಂದಿತ್ತು. ಇದು ನನಗೆ ಆಮೇಲೆ ತಿಳಿಯಿತು.

ಚಾಮರಾಜನಗರದಿಂದ ತೆರಕಣಾಂಬಿ ದಾಟಿ ಗುಂಡ್ಲುಪೇಟೆವರೆಗೆ ಸುಮಾರು 36 ಕಿ.ಮೀ., ಅಲ್ಲಿಂದ ಕೇರಳದ ರಸ್ತೆಯಲ್ಲಿ ಮದ್ದೂರು ಚೆಕ್‌ಪೋಸ್ಟಿಗೆ ಇನ್ನೂ ಒಂದು ಕಿ.ಮೀ. ಇರುವಂತೆ, ಕಾಡು ಶುರುವಾಗುವ ಮೊದಲೇ ಸ್ಪರ್ಧೆ ಮುಗಿಯಬೇಕಿತ್ತು. ಹೊರಟ ಐದು ನಿಮಿಷಕ್ಕೆ ನಮ್ಮ ಗುಂಪಿನವರೆಲ್ಲ ಹಿಂದೆ ಉಳಿದರು. ನಾನು ಮುಂದೆ, ಅವಳು ನನ್ನ ಚಕ್ರಕ್ಕೆ ಅಂಟಿಕೊಂಡು ಬಂದಳು. ತೆರಕಣಾಂಬಿಯ ಹತ್ತಿರ ಎರಡನೇ ಗುಂಪಿನಿಂದ ಹಿಂದೆ ಬಿದ್ದಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಸಿಗತೊಡಗಿದರು. ದಾಟುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ. ಅವಳು ಅಂದು ತುಳಿದ ಹಾಗೆ ಯಾವತ್ತೂ ತುಳಿದಿರಲಿಲ್ಲ. ನನಗೆ ಎದೆ ಒಡೆಯುವಂತಾದರೂ ಸಂತೋಷವಾಗಿತ್ತು. ಇದನ್ನೂ ಬರೆದುಕೊಳ್ಳಿ ಎಂದೆ.

ಗುಂಡ್ಲುಪೇಟೆಗೆ ಸ್ವಲ್ಪ ಮುಂಚೆ ನಯನಾ ಸಿಕ್ಕಳು. ಅವಳಿಗೆ ಸುಸ್ತಾಗಿತ್ತು. ಕಾವ್ಯಶ್ರೀಯನ್ನು ನೋಡಿ ಗುರುತು ಹತ್ತದವಳಂತೆ ಒಂದು ಗಳಿಗೆ ನೋಡಿ, ಆಮೇಲೆ ಕೂಗಿ ಹೇಳಿದಳು:

“ಆರೇ ಜನ ಕಣೆ ಮುಂದೆ ಇರೋದು! ಒಂದೂವರೆ ನಿಮಿಷ ಅಷ್ಟೆ! ಓಗು, ಓಗು!”

ಗುಂಡ್ಲುಪೇಟೆ ದಾಟಿ ಕೇರಳದ ರಸ್ತೆಗೆ ತಿರುಗಿದಾಗ ಕೆಂಪು ಬಾವುಟದ ಜೀಪು ಆಗಲೇ ಮುಂದೆ ಹೋಗಿತ್ತು. ತಡೆದು ನಿಲ್ಲಿಸಿದ್ದ ವಾಹನಗಳನ್ನು ಬಿಟ್ಟಿದ್ದರು. ಲಾರಿ, ಕಾರು, ಪ್ರವಾಸಿಗರ ವ್ಯಾನು ಎಲ್ಲವೂ ಒಟ್ಟಿಗೆ ಹೊರಟು ನಮಗೂ ಮುಂದಿನ ಹೆಣ್ಣುಮಕ್ಕಳಿಗೂ ನಡುವೆ ತುಂಬಿಕೊಂಡವು. ರಾತ್ರಿ ಮುಚ್ಚಿರುವ ಕಾಡಿನ ಗೇಟು ಬೆಳಿಗ್ಗೆ ತೆರೆದಿದ್ದರಿಂದ ಎದುರಿನಿಂದಲೂ ಬರುತ್ತಿದ್ದವು. ನಾವು ಲಾರಿಗಳ ಪಕ್ಕದ ಸಂದಿನಲ್ಲಿ ಹೋಗಬೇಕಾಯಿತು. ಹೊಗೆಗೆ ನನಗೆ ಕೆಮ್ಮು ಬಂತು. ನಿಧಾನ ಮಾಡು ಎಂದು ಎರಡು ಸಲ ಕೂಗಿದೆ.

ಸುಮಾರು ಆರು ಕಿ.ಮೀ. ಹೋದ ಮೇಲೆ ರಸ್ತೆ ಸ್ವಲ್ಪ ಏರುತ್ತದೆ. ಎರಡೂ ಕಡೆ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳಿವೆ. ಅಲ್ಲಿ ವಾಹನಗಳ ಸಾಲಿನ ಆಚೆ, ಏರಿನ ತುದಿಯಲ್ಲಿ, ಆ ಆರು ಜನ ಕಾಣಿಸಿದರು. ನಾಲ್ಕುನೂರು ಮೀಟರ್‌ಗಿಂತ ಹೆಚ್ಚಿರಲಿಲ್ಲ. ನನಗೆ ಆಗುತ್ತಿರಲಿಲ್ಲ. ಕಾವ್ಯಶ್ರೀ ನನ್ನ ಪಕ್ಕಕ್ಕೆ ಬಂದು,

“ಅಣ್ಣ, ಸಾಕು ಬುಡು ನೀನು. ಇನ್ನ ನಾ ಓಯ್ತೀನಿ. ಅಲ್ ಕಾಣ್ತಾವ್ರೆ ನೋಡು!” ಎಂದು ಹೇಳಿ ಮುಂದೆ ಹೋದಳು. ನಗುತ್ತಿದ್ದಳು.

ನಾನು ಅವಳಿಗಿಂತ ಸುಮಾರು ಅರವತ್ತು ಮೀಟರ್ ಹಿಂದೆ ಇದ್ದೆ. ಅವಳ ಮುಂದೆ ಹೋಗುತ್ತಿದ್ದ ಬಿಳಿ ಬಣ್ಣದ ಪ್ರವಾಸಿ ವ್ಯಾನು ಹೂವಿನ ಹೊಲದ ಪಕ್ಕ ನಿಲ್ಲಿಸಲು ಸೂಚನೆ ಕೊಡದೆ ಎಡಕ್ಕೆ ಎಳೆದು ಬ್ರೇಕ್ ಹಾಕಿತು. ಅದಕ್ಕೆ ತಾಗದಿರಲು ಅವಳು ಬಲಕ್ಕೆ ತಿರುಗಿಸಿದಳು. ಅವಳು ರಸ್ತೆಯ ನಡುಗೆರೆಯಿಂದ ಆಚೆಗೆ ಹೋದದ್ದು ನಿಜ. ನಾನು ಅದನ್ನು ಮರೆಮಾಚುವುದಿಲ್ಲ. ಎದುರಿನಿಂದ ಬರುತ್ತಿದ್ದ ಪಿಕಪ್ ಗಾಡಿ ಅವಳಿಗೆ ಬಡಿಯಿತು. ವ್ಯಾನು ನಿಲ್ಲಲಿಲ್ಲ. ಅದರ ನಂಬರ್ ನಾನು ನೋಡಲಿಲ್ಲ, ತಂಗಿಯ ಕಡೆ ಓಡಿದೆ.

ಪಿಕಪ್ಪಿನಲ್ಲಿ ಚೆಂಡುಹೂವಿನ ಮೂಟೆಗಳಿದ್ದವು. ಅದನ್ನು ಓಡಿಸುತ್ತಿದ್ದ ನಿಂಗರಾಜು ಎಂಬುವನು ಇಳಿದು ತಲೆ ಚಚ್ಚಿಕೊಳ್ಳುತ್ತ, “ಬ್ರೇಕ್ ಒತ್ದೆ ಕಣಣ್ಣ, ನಿಲ್ನಿಲ್ಲ, ದೇವ್ರಾಣೆ ನಿಲ್ನಿಲ್ಲ” ಎನ್ನುತ್ತಿದ್ದ. ಅವನು ಜೋರಾಗಿ ಬರುತ್ತಿರಲಿಲ್ಲ. ಅವನ ಮೇಲೆ ನನ್ನ ದೂರಿಲ್ಲ.

ಎದೆಗೆ ಅಂಟಿಸಿದ್ದ ಚೀಟಿಯಲ್ಲಿದ್ದ ಆಯೋಜಕರ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿಕೊಂಡು ಯಾವ ಗುಂಪು ಎಂದು ಕೇಳಿದಳು. ನಾಲ್ಕು ಎಂದೆ. ಆಂಬುಲೆನ್ಸ್ ಮೊದಲ ಗುಂಪಿನ ಜೊತೆಯಲ್ಲಿದೆ, ಅವರು ಮುಗಿಸಿದ ಮೇಲೆ ಕಳಿಸುತ್ತೇವೆ ಎಂದಳು. ಅದಕ್ಕೆ ಕಾಯದೆ ನಾನೂ ನಿಂಗರಾಜುವೂ ಸೇರಿ ಅವಳನ್ನು ಎತ್ತಿ ಹೂವಿನ ಮೂಟೆಗಳ ಮೇಲೆ ಮಲಗಿಸಿದೆವು. ಬೆನ್ನಿನ ಕೆಳಗೆ ಹಲಗೆ ಕೊಟ್ಟು ಅಲುಗಾಡದಂತೆ ಎತ್ತಬೇಕಿತ್ತೆಂದು ಆಮೇಲೆ ವೈದ್ಯರು ಹೇಳಿದರು. ನಾವು ಹಾಗೆ ಎತ್ತಲಿಲ್ಲ. ನಮಗೆ ತಿಳಿದಿರಲಿಲ್ಲ.

ಗುಂಡ್ಲುಪೇಟೆಗೆ ಬರುವ ದಾರಿಯಲ್ಲಿ ಅವಳಿಗೆ ಎಚ್ಚರವಿತ್ತು. “ಅಣ್ಣ, ನನ್ ಕಾಲ ಯಾರೋ ಗಟ್ಟಿಯಾಗಿ ಇಡ್ಕೊಂಡವ್ರೆ, ಬುಡಕ್ಕೇಳು” ಎಂದಳು. ಯಾರೂ ಹಿಡಿದುಕೊಂಡಿರಲಿಲ್ಲ. ಗಾಡಿಯ ಹಿಂಭಾಗದಲ್ಲಿ ನಾವಿಬ್ಬರೇ ಇದ್ದೆವು. ಬಿಡಿಸಿದೆ ಎಂದೆ. ನಮ್ಮ ಗುಂಪಿನ ಉಳಿದವರು ಎದುರಿನಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ, ಕೆಲವರು ನಮ್ಮ ಗಾಡಿಯ ಕಡೆ ಕೈ ಬೀಸಿದರು.

ಗುಂಡ್ಲುಪೇಟೆಯಲ್ಲಿ ಪ್ರಥಮ ಚಿಕಿತ್ಸೆ ಮಾಡಿ ಮೈಸೂರಿನ ಆಸ್ಪತ್ರೆಗೆ ಕಳಿಸಿದರು. ಸೊಂಟದ ಮೇಲೆ ಬೆನ್ನುಮೂಳೆ ಮುರಿದು ಒಳಗಿನ ನರದ ಹುರಿ ತುಂಡಾಗಿದೆಯೆಂದೂ, ಶಸ್ತ್ರಚಿಕಿತ್ಸೆ ಮಾಡಿದರೂ ಅವಳು ನಡೆಯುವ ಸಂಭವವಿಲ್ಲವೆಂದೂ ಅಲ್ಲಿನ ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದರು. ನಮ್ಮ ತಾಯಿ ಮಲ್ಲಾಜಮ್ಮನವರಿಗೆ ಹೇಳಿದ್ದೇನೆ. ಅವರು ಒಪ್ಪಿಲ್ಲ. ಹಾಸಿಗೆಯ ತುದಿಯಲ್ಲಿ ಕುಳಿತು ಅವಳ ಪಾದ ಉಜ್ಜುತ್ತಲೇ ಇರುತ್ತಾರೆ. “ಬೆಚ್ಚಗದೆ ಕಣ್ಲಾ, ಮುಟ್ ನೋಡ್ಲಾ” ಎನ್ನುತ್ತಾರೆ. ಮುಟ್ಟಿ ನೋಡಿದೆ. ಬೆಚ್ಚಗೆ ಇದೆ.

ನಿನ್ನೆ ಮಧ್ಯಾಹ್ನ ನಾನು ಚಾಮರಾಜನಗರಕ್ಕೆ ಹೋಗಿ ಮಹಾಲಿಂಗ ಅವರನ್ನು ಕಂಡೆ. ಜಗಳಕ್ಕೆ ಹೋಗಲಿಲ್ಲ. ಅವಳು ಬಿದ್ದಾಗ ಎಷ್ಟನೆಯವಳಾಗಿದ್ದಳು, ಶಿಬಿರದವರಿಗೆ ಇಷ್ಟು ವೇಗವಾಗಿ ಬಂದಿದ್ದಳೆಂದು ಬರೆದುಕೊಡಲಾದೀತೇ ಎಂದು ಕೇಳಲು ಹೋಗಿದ್ದೆ. ಅದು ಕೈಯಲ್ಲಿದ್ದರೆ ಅವಳಿಗೆ ತೋರಿಸಬಹುದು ಎಂದುಕೊಂಡಿದ್ದೆ. ಅವರು, ಶಿಬಿರದ ಆಯ್ಕೆಗೆ ಎರಡನೇ ಗುಂಪಿನವರನ್ನು ಮಾತ್ರ ನೋಡುತ್ತಾರೆ, ನಾಲ್ಕನೇ ಗುಂಪಿನವರದ್ದು ಬೇರೆ ಫಲಿತಾಂಶ, ಅವರು ಎಲ್ಲರಿಗಿಂತ ಮೊದಲು ಬಂದರೂ ಒಂದು ಪದಕ ಕೊಟ್ಟು ಕಳಿಸುತ್ತಾರೆ, ಶಿಬಿರಕ್ಕೆ ಹೆಸರು ಹೋಗುವುದೇ ಇಲ್ಲ ಎಂದರು. ಹಾಗಿದ್ದರೆ ಅಂದು ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

“ಕೂಸು ಅಳ್ತಿತ್ತು ಕಣಪ್ಪ” ಎಂದರು. “ಸಮಾಧಾನ ಆಗ್ಲಿ ಅಂತ ಅಂದ್ಬುಟ್ಟೆ. ಅಷ್ಟ್ ದೂರ ಓಗಿ ಇಡ್ಕೊಬುಡ್ತಾಳೆ ಅಂತ ನಾ ಎಲ್ ಕಂಡಿದ್ದೆ?”

ಅವರೂ ಅತ್ತರು. ನಾನು ಎದ್ದು ಬಂದೆ.

ಮೂರು ಗುಂಪಿಗೆ ರಸ್ತೆ ಮುಚ್ಚಿ, ನಾಲ್ಕನೇ ಗುಂಪಿನ ಇನ್ನೂರು ಜನರನ್ನು ತೆರೆದ ರಸ್ತೆಗೆ ಬಿಟ್ಟ ಆಯೋಜಕರ ಮೇಲೆ, ಮತ್ತು ನಿಲ್ಲದೆ ಹೋದ ವ್ಯಾನಿನ ಚಾಲಕನ ಮೇಲೆ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ. ಏನಾದರೂ ಆದರೆ ಜವಾಬ್ದಾರಿ ಸ್ಪರ್ಧಿಗಳದ್ದೇ ಎಂದು ಸ್ಪರ್ಧೆಗೆ ಮೊದಲೇ ಎಲ್ಲರಿಂದಲೂ ಸಹಿ ಹಾಕಿಸಿಕೊಂಡಿರುವುದಾಗಿ ಆಯೋಜಕರು ಹೇಳುತ್ತಿದ್ದಾರೆ. ಸಹಿ ಹಾಕಿದ್ದು ನಿಜ. ಇದರಿಂದ ಏನೂ ಆಗುವುದಿಲ್ಲವೆಂದು ನನಗೂ ಗೊತ್ತಿದೆ.

ಇನ್ನೊಂದು ಮಾತು. ನಾಳೆ ಕಾವ್ಯಶ್ರೀಯ ಹೇಳಿಕೆ ಪಡೆಯಲು ತಾವು ಮೈಸೂರಿನ ಆಸ್ಪತ್ರೆಗೆ ಬರುವುದಾಗಿ ತಿಳಿಸಿದ್ದೀರಿ. ನಿನ್ನೆ ಸಂಜೆ ಅವಳು ನನ್ನನ್ನು ಕರೆದು, ಆ ವ್ಯಾನು ಅಡ್ಡ ಬರದಿದ್ದರೆ ನಾನು ಅವರನ್ನು ಹಿಡಿಯುತ್ತಿದ್ದೆ ಅಲ್ಲವಾ, ಹಿಡಿದಿದ್ದರೆ ನನ್ನನ್ನು ಶಿಬಿರಕ್ಕೆ ತೆಗೆದುಕೊಳ್ಳಲೇಬೇಕಿತ್ತು ಅಲ್ಲವಾ ಎಂದು ಕೇಳಿದಳು. ಹೌದು ಎಂದು ಹೇಳಿದ್ದೇನೆ. ಅವಳ ಮುಂದೆ ಯಾರೂ ಇದಕ್ಕೆ ಬೇರೆ ಹೇಳಬಾರದೆಂದು ತಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಿದರು, ಕೇಳಿಸಿಕೊಂಡೆ. ನಾನು ಕಂಡದ್ದು ಮತ್ತು ನನಗೆ ಹೇಳಿದ್ದು ಇಷ್ಟೇ, ಇದರಲ್ಲಿ ಸುಳ್ಳಿಲ್ಲ ಎಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಗುಂಡ್ಲುಪೇಟೆ
ದಿನಾಂಕ: 29-07-2025
(ಸಹಿ) ಮಾದೇಶ್ ಡಿ.